‘ಟಪ್’ ಸದ್ದಿನ ಬೆನ್ನು ಹತ್ತಿದಾಗ ಸಿಕ್ಕ ಫೋರಿಯರ್

ಹಾಡು ಮುಗಿಯುತ್ತದೆ. ಮುಂದಿನ ಹಾಡು ಶುರುವಾಗುವ ಮುಂಚೆ, ಕಣ್ಣು ಮಿಟುಕಿಸುವಷ್ಟರಲ್ಲಿ, ಹೆಡ್‌ಫೋನ್‌ನಲ್ಲಿ ‘ಟಪ್’ ಎಂದು ಒಂದು ಸದ್ದು. ಒಂದೆರಡು ಸಲವಾದರೆ ಸುಮ್ಮನಿರಬಹುದು. ರಾತ್ರಿ ಓದುತ್ತಾ ಕೂತಾಗ ಹಾಡಿನಿಂದ ಹಾಡಿಗೆ ಹೀಗೇ ಆಗುತ್ತಿದ್ದರೆ ಮುಂದಿನ ‘ಟಪ್’ ಯಾವಾಗ ಬರುತ್ತದೋ ಎಂದು ಕಾಯುವುದೇ ಕೆಲಸವಾಗಿಬಿಡುತ್ತದೆ. ನನಗೆ ಆಗಿದ್ದೂ ಅದೇ.

ನಾನು ಬಿ.ಇ. ಮೂರನೇ ವರ್ಷದ ವಿದ್ಯಾರ್ಥಿ, ಬ್ರಾಂಚ್ ಎಲೆಕ್ಟ್ರಾನಿಕ್ಸ್. ಹಾಸ್ಟೆಲ್‌ನ ಸೀನಿಯರ್ ಒಬ್ಬರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಯುಎಸ್‌ಬಿ ಡ್ಯಾಕ್ ಕೊಂಡಿದ್ದೆ. ಲ್ಯಾಪ್‌ಟಾಪ್‌ನಲ್ಲಿರುವ ಅಂಕಿಗಳನ್ನು ಕಿವಿಗೆ ಕೇಳಿಸುವ ವಿದ್ಯುತ್ ಅಲೆಗಳಾಗಿ ಬದಲಿಸುವ ಪುಟ್ಟ ಡಬ್ಬಿ ಅದು. ತಿಂಗಳ ಖರ್ಚಿನ ದುಡ್ಡು ಉಳಿಸಿ ಕೊಂಡಿದ್ದರಿಂದ ಅದು ಕೆಟ್ಟಿದೆ ಎಂದು ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ಜತೆಗೆ ಇನ್ನೊಂದು ಸಂಗತಿಯನ್ನೂ ಹೇಳಿಬಿಡಬೇಕು. ಆಗ ನನ್ನ ತಲೆಯ ಮೇಲೆ ಎಂ-3 ಬ್ಯಾಕ್‌ಲಾಗ್ ಇತ್ತು. ಮೂರನೇ ಸೆಮಿಸ್ಟರ್‌ನ ಗಣಿತ. ಅದರಲ್ಲಿ ಅರ್ಧಕ್ಕರ್ಧ ಫೋರಿಯರ್ ಸರಣಿ, ಫೋರಿಯರ್ ಟ್ರಾನ್ಸ್‌ಫಾರ್ಮ್. ಬ್ಯಾಕ್ ಇದ್ದರೆ ಪ್ಲೇಸ್‌ಮೆಂಟ್‌ಗೆ ಬರುವ ಎಷ್ಟೋ ಕಂಪನಿಗಳು ಪರೀಕ್ಷೆಗೂ ಕೂರಿಸುವುದಿಲ್ಲ. ಮನೆಯಲ್ಲಿ ಅಪ್ಪನಿಗೆ ಇನ್ನೂ ಹೇಳಿರಲಿಲ್ಲ. ಓದಲು ಪುಸ್ತಕ ತೆರೆದರೆ ಆ ಹೆಸರು ನೋಡಿಯೇ ಸಿಟ್ಟು ಬರುತ್ತಿತ್ತು.

ಈಕ್ವಲೈಜರ್‌ಗೆ ಬಗ್ಗದ ಸದ್ದು

ಮೊದಲು ರೂಂಮೇಟ್‌ನ ಹೆಡ್‌ಫೋನ್ ಹಾಕಿ ನೋಡಿದೆ. ಸದ್ದು ಹಾಗೇ ಇತ್ತು. ಅದೇ ಹಾಡುಗಳನ್ನು ಮೊಬೈಲ್‌ನಲ್ಲಿ ಕೇಳಿದೆ. ಸದ್ದು ಇಲ್ಲ. ಅಂದರೆ ಹಾಡಿನಲ್ಲಾಗಲಿ ಹೆಡ್‌ಫೋನ್‌ನಲ್ಲಾಗಲಿ ದೋಷವಿರಲಿಲ್ಲ. ಯುಎಸ್‌ಬಿ ಕೇಬಲ್ ಬದಲಿಸಿದೆ, ಆ್ಯಪ್ ಅಳಿಸಿ ಮತ್ತೆ ಹಾಕಿದೆ. ಏನೂ ಪ್ರಯೋಜನವಾಗಲಿಲ್ಲ.

ಕೊನೆಗೆ ಈಕ್ವಲೈಜರ್ ತೆರೆದೆ. ಬಾಸ್ ಪೂರ್ತಿ ಇಳಿಸಿದರೆ ‘ಟಪ್’ ಹೋಗಿ ‘ಟಿಕ್’ ಆಯಿತು. ಟ್ರೆಬಲ್ ಇಳಿಸಿದರೆ ‘ಡುಬ್’ ಆಯಿತು. ನಡುವಿನ ಪಟ್ಟಿಗಳನ್ನು ಒಂದೊಂದಾಗಿ ಇಳಿಸಿದರೂ ಸದ್ದು ವೇಷ ಬದಲಿಸಿತೇ ಹೊರತು ಹೋಗಲಿಲ್ಲ. ಫ್ಯಾನ್ ಗುಂಯ್‌ಗುಟ್ಟಿದರೆ, ಕರೆಂಟಿನ 50 ಹರ್ಟ್ಸ್ ಹಮ್ ಬಂದರೆ ಅದಕ್ಕೊಂದು ಜಾಗ ಇರುತ್ತದೆ, ಆ ಜಾಗವನ್ನು ಕತ್ತರಿಸಿದರೆ ಸದ್ದು ತಗ್ಗುತ್ತದೆ. ಈ ‘ಟಪ್’ಗೆ ಮಾತ್ರ ಒಂದು ಜಾಗ ಎಂಬುದೇ ಇರಲಿಲ್ಲ.

ಡ್ಯಾಕ್‌ನಿಂದ ಬರುವ ಸದ್ದನ್ನು ಇನ್ನೊಂದು ಲ್ಯಾಪ್‌ಟಾಪ್‌ಗೆ ರೆಕಾರ್ಡ್ ಮಾಡಿ ‘ಆಡಾಸಿಟಿ’ ತಂತ್ರಾಂಶದಲ್ಲಿ ತೆರೆದು ಸ್ಪೆಕ್ಟ್ರೋಗ್ರಾಂ ಹಾಕಿದೆ. ಯಾವ ಕ್ಷಣದಲ್ಲಿ ಯಾವ್ಯಾವ ಕಂಪನಗಳಿವೆ ಎಂದು ತೋರಿಸುವ ಚಿತ್ರ ಅದು. ಹಾಡಿನ ಸ್ವರಗಳು ಅಡ್ಡಗೆರೆಗಳಾಗಿ ಕಾಣುತ್ತಿದ್ದವು. ಎರಡು ಹಾಡುಗಳ ನಡುವೆ ಮಾತ್ರ ಕೆಳಗಿನಿಂದ ಮೇಲಿನವರೆಗೆ ನೆಟ್ಟಗೆ ಒಂದು ತೆಳು ಗೆರೆ. ಅತಿ ಮಂದ್ರದಿಂದ ಅತಿ ತಾರದವರೆಗಿನ ಕಂಪನಗಳೆಲ್ಲ ಒಂದೇ ಕ್ಷಣದಲ್ಲಿ ಹಾಜರಿದ್ದವು. ಅದೇ ಜಾಗದಲ್ಲಿ ಅಲೆಯನ್ನು ಹಿಗ್ಗಿಸಿ ನೋಡಿದರೆ ಇದ್ದದ್ದು ಬರೀ ಒಂದು ಜಿಗಿತ. ಮೇಲಿದ್ದ ಅಲೆ ಮೆಟ್ಟಿಲು ಹಾರಿದಂತೆ ದಿಢೀರನೆ ಸೊನ್ನೆಗೆ ಬಿದ್ದಿತ್ತು.

ಒಂದು ಜಿಗಿತದೊಳಗೆ ಇಷ್ಟೊಂದು ಕಂಪನಗಳು ಹೇಗೆ ಬಂದವು? ಉತ್ತರ ಹುಡುಕುತ್ತಾ ಹೋದರೆ ಮತ್ತೆ ಅದೇ ಹೆಸರು: ಫೋರಿಯರ್. ಈ ಸಲ ಸೂತ್ರ ಬಿಟ್ಟು ಮನುಷ್ಯನನ್ನು ಓದಿದೆ.

ದರ್ಜಿಯ ಮಗ

ನಾವು ಕ್ಲಾಸಿನಲ್ಲಿ ಫೋರಿಯರ್ ಎನ್ನುತ್ತೇವೆ, ಫ್ರಾನ್ಸಿನವರು ಫೂರಿಯೇ ಎನ್ನುತ್ತಾರೆ. ಜೋಸೆಫ್ ಫೋರಿಯರ್ ಹುಟ್ಟಿದ್ದು 1768ರ ಮಾರ್ಚ್ 21ರಂದು, ಫ್ರಾನ್ಸಿನ ಓಸೇರ್ ಎಂಬ ಊರಿನಲ್ಲಿ. ತಂದೆ ದರ್ಜಿ, ಮನೆ ತುಂಬ ಮಕ್ಕಳು. ಹತ್ತು ವರ್ಷದ ಆಸುಪಾಸಿನಲ್ಲೇ ಹುಡುಗ ತಾಯಿಯನ್ನೂ ತಂದೆಯನ್ನೂ ಕಳೆದುಕೊಂಡ. ಊರಿನಲ್ಲಿ ಪಾದ್ರಿಗಳು ನಡೆಸುತ್ತಿದ್ದ ಸೈನಿಕ ಶಾಲೆಯಲ್ಲಿ ಓದಲು ಜಾಗ ಸಿಕ್ಕಿತು. ಅಲ್ಲಿ ಗಣಿತದ ಹುಚ್ಚು ಹಿಡಿಯಿತು. ಉರಿದು ಉಳಿದ ಮೇಣದಬತ್ತಿಯ ತುಂಡುಗಳನ್ನು ಆರಿಸಿಟ್ಟುಕೊಂಡು ಎಲ್ಲರೂ ಮಲಗಿದ ಮೇಲೆ ಲೆಕ್ಕ ಬಿಡಿಸುತ್ತಿದ್ದ ಎಂಬ ಕಥೆಯಿದೆ.

ಆತನಿಗೆ ಸೈನ್ಯದ ಫಿರಂಗಿ ದಳ ಸೇರುವ ಆಸೆ. ಗಣಿತ ಬಲ್ಲವರಿಗೆ ಅಲ್ಲಿ ಬೆಲೆಯಿತ್ತು. ಆದರೆ ಅರ್ಜಿ ತಿರಸ್ಕೃತವಾಯಿತು. ಕಾರಣ ಅಂಕ ಅಲ್ಲ, ಹುಟ್ಟು. ದೊಡ್ಡ ಮನೆತನದವರಿಗೆ ಮಾತ್ರ ಮೀಸಲಾಗಿದ್ದ ಆ ಹುದ್ದೆ ದರ್ಜಿಯ ಮಗನಿಗೆ ಸಿಗುವಂತಿರಲಿಲ್ಲ. ಬೇರೆ ದಾರಿ ಕಾಣದೆ 1787ರಲ್ಲಿ ಪಾದ್ರಿಯಾಗಲು ಮಠ ಸೇರಿದ. ಅಲ್ಲೂ ಮನಸ್ಸು ಗಣಿತದಲ್ಲೇ ಇತ್ತು.

ಅಲ್ಲಿದ್ದಾಗ ಇಪ್ಪತ್ತೊಂದು ತುಂಬಿದ ಮರುದಿನ ಆತ ಬರೆದ ಒಂದು ಪತ್ರ ಉಳಿದಿದೆ. ಈ ವಯಸ್ಸಿಗೆ ನ್ಯೂಟನ್, ಪಾಸ್ಕಲ್ ಹೆಸರು ಉಳಿಯುವಂಥ ಕೆಲಸ ಮಾಡಿ ಮುಗಿಸಿದ್ದರಲ್ಲ ಎಂಬ ಕೊರಗು ಅದರಲ್ಲಿದೆ. ಇದನ್ನು ಓದಿ ನನಗೆ ನಗುವೂ ಬಂತು, ಸಮಾಧಾನವೂ ಆಯಿತು. ನಾವು ಇನ್‌ಸ್ಟಾಗ್ರಾಂನಲ್ಲಿ ಓರಗೆಯವರ ಪ್ಯಾಕೇಜ್ ನೋಡಿ ಕೊರಗುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

1789ರಲ್ಲಿ ಫ್ರಾನ್ಸಿನ ಕ್ರಾಂತಿ ಶುರುವಾಯಿತು. ಫೋರಿಯರ್ ದೀಕ್ಷೆ ತೆಗೆದುಕೊಳ್ಳದೆ ಮಠದಿಂದ ಹೊರಬಂದು ತಾನು ಓದಿದ ಶಾಲೆಯಲ್ಲೇ ಮೇಷ್ಟ್ರಾದ. ಊರಿನ ಕ್ರಾಂತಿ ಸಮಿತಿಗೂ ಸೇರಿದ. ಒಳಜಗಳದಲ್ಲಿ ಸಿಲುಕಿ 1794ರಲ್ಲಿ ಜೈಲು ಪಾಲಾದ. ಗಿಲೊಟಿನ್ ದಿನವೂ ತಲೆಗಳನ್ನು ಕತ್ತರಿಸುತ್ತಿದ್ದ ಕಾಲ ಅದು. ಅಷ್ಟರಲ್ಲಿ ರೋಬೆಸ್ಪಿಯರ್ ಪತನವಾಗಿ ಈತ ಬಿಡುಗಡೆಯಾದ. ಮರುವರ್ಷ ಪ್ಯಾರಿಸ್‌ನಲ್ಲಿ ಶಿಕ್ಷಕರ ತರಬೇತಿಗೆಂದು ತೆರೆದ ಎಕೋಲ್ ನಾರ್ಮಾಲ್‌ಗೆ ವಿದ್ಯಾರ್ಥಿಯಾಗಿ ಹೋದ. ಪಾಠ ಹೇಳುತ್ತಿದ್ದವರು ಲಗ್ರಾಂಜ್, ಲಾಪ್ಲಾಸ್, ಮೋಂಜ್. ಇವರಲ್ಲಿ ಮೊದಲಿಬ್ಬರ ಹೆಸರು ಕೇಳಿದರೆ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈಗಲೂ ಬೆವರುತ್ತದೆ. ಎರಡೇ ವರ್ಷದಲ್ಲಿ, 1797ರಲ್ಲಿ, ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಲಗ್ರಾಂಜ್ ಬಿಟ್ಟ ಸ್ಥಾನಕ್ಕೆ ಫೋರಿಯರ್ ಬಂದ.

ಆಡಳಿತದ ನಡುವೆ ಗಣಿತ

1798ರಲ್ಲಿ ನೆಪೋಲಿಯನ್ ಸೈನ್ಯದ ಜತೆ ವಿದ್ವಾಂಸರ ಒಂದು ತಂಡವನ್ನೂ ಕಟ್ಟಿಕೊಂಡು ಈಜಿಪ್ಟಿಗೆ ಹೊರಟ. ಫೋರಿಯರ್ ಆ ತಂಡದಲ್ಲಿದ್ದ. ಕೈರೋದಲ್ಲಿ ಸ್ಥಾಪಿಸಿದ ಸಂಸ್ಥೆಗೆ ಕಾರ್ಯದರ್ಶಿಯೂ ಆದ. 1801ರಲ್ಲಿ ಮರಳಿದಾಗ ಮತ್ತೆ ಪಾಠ ಮಾಡಿಕೊಂಡಿರಬೇಕು ಎಂದುಕೊಂಡಿದ್ದ. ಆದರೆ ನೆಪೋಲಿಯನ್ ಆತನನ್ನು ಪ್ಯಾರಿಸ್‌ನಿಂದ ಬಹುದೂರದ ಗ್ರೆನೋಬ್ಲ್‌ಗೆ, ಇಸೇರ್ ಪ್ರಾಂತ್ಯದ ಪ್ರಿಫೆಕ್ಟ್ ಮಾಡಿ ಕಳಿಸಿದ. ನಮ್ಮ ಜಿಲ್ಲಾಧಿಕಾರಿಯಂಥ ಹುದ್ದೆ ಅದು. ಬೇಡ ಎನ್ನುವಂತಿರಲಿಲ್ಲ.

ಹೋದವನು ಕೆಲಸವನ್ನೂ ಮನಸ್ಸಿಟ್ಟು ಮಾಡಿದ. ಬೂರ್ಗ್ವಾನ್ ಸುತ್ತಮುತ್ತ ಜನರನ್ನು ಜ್ವರದಲ್ಲಿ ಮಲಗಿಸುತ್ತಿದ್ದ ದೊಡ್ಡ ಜೌಗು ಪ್ರದೇಶವಿತ್ತು. ಹತ್ತಾರು ಹಳ್ಳಿಗಳವರನ್ನು ಒಪ್ಪಿಸಿ ಅದರ ನೀರು ಬಸಿಯುವ ಕೆಲಸ ಮಾಡಿಸಿದ. ಇಟಲಿಯ ಟ್ಯೂರಿನ್ ಕಡೆಗೆ ಹೋಗುವ ಹೊಸ ರಸ್ತೆಯ ಕೆಲಸ ನೋಡಿಕೊಂಡ. ಈಜಿಪ್ಟ್ ಕುರಿತ ಬೃಹತ್ ಗ್ರಂಥಮಾಲೆಗೆ ಪೀಠಿಕೆ ಬರೆದ.

ಈ ಎಲ್ಲದರ ನಡುವೆ ಆತನ ತಲೆ ಕೊರೆಯುತ್ತಿದ್ದ ಪ್ರಶ್ನೆ ಒಂದೇ: ಬಿಸಿ ಹೇಗೆ ಹರಡುತ್ತದೆ? ಕಬ್ಬಿಣದ ಒಂದು ಬಳೆಯನ್ನು ಅರ್ಧ ಕಾಯಿಸಿ ಇನ್ನರ್ಧ ತಣ್ಣಗೆ ಇಟ್ಟರೆ, ಸ್ವಲ್ಪ ಹೊತ್ತಿನ ಮೇಲೆ ಯಾವ ಜಾಗದಲ್ಲಿ ಎಷ್ಟು ಬಿಸಿ ಇರುತ್ತದೆ? ಬಿಸಿ ಮತ್ತು ತಣ್ಣಗಿನ ಭಾಗಗಳು ಸೇರುವ ಕಡೆ ಒಂದು ಜಿಗಿತ ಇದೆ. ನನ್ನ ಸ್ಪೆಕ್ಟ್ರೋಗ್ರಾಂನಲ್ಲಿ ಕಂಡಿದ್ದೂ ಅಂಥದೇ ಜಿಗಿತ.

ಫೋರಿಯರ್ ಹೇಳಿದ್ದು ಹೀಗೆ. ಬಿಸಿಯ ಏರಿಳಿತವನ್ನು ಸರಳ ಅಲೆಗಳಾಗಿ ಬಿಡಿಸೋಣ. ಸೊನ್ನೆಯ ಮೇಲೆ ಅರ್ಧ, ಕೆಳಗೆ ಅರ್ಧ ಇರುವ ಚೌಕದ ಆಕಾರ ಬೇಕಾದರೆ ಮೊದಲು ಒಂದು ಅಲೆ ತೆಗೆದುಕೊಳ್ಳಿ. ಅದಕ್ಕಿಂತ ಮೂರು ಪಟ್ಟು ಒತ್ತೊತ್ತಾದ, ಎತ್ತರದಲ್ಲಿ ಮೂರನೇ ಒಂದು ಭಾಗದ ಅಲೆ ಸೇರಿಸಿ. ಆಮೇಲೆ ಐದು ಪಟ್ಟು ಒತ್ತಾದ, ಐದನೇ ಒಂದು ಎತ್ತರದ್ದು. ಆಮೇಲೆ ಏಳು. ಹೀಗೆ ಕೊನೆಯಿಲ್ಲದೆ ಸೇರಿಸುತ್ತಾ ಹೋದರೆ ಬಾಗುವುದನ್ನು ಮಾತ್ರ ಬಲ್ಲ ಅಲೆಗಳೆಲ್ಲ ಕೂಡಿ ನೆಟ್ಟಗಿನ ಗೋಡೆ ಕಟ್ಟುತ್ತವೆ. ಮೆಟ್ಟಿಲಿನಂಥ ಜಿಗಿತ ಎಂದರೆ ಹೀಗೆ ಕೊನೆಯಿಲ್ಲದಷ್ಟು ಅಲೆಗಳ ಒಂದು ಗುಂಪು. ಆ ಗುಂಪಿನಿಂದ ಕೆಲವನ್ನು ತೆಗೆದರೆ ಉಳಿದವು ಇದ್ದೇ ಇರುತ್ತವೆ. ನನ್ನ ಈಕ್ವಲೈಜರ್ ಸೋತಿದ್ದು ಯಾಕೆ ಎಂದು ಇಲ್ಲಿ ಅರ್ಥವಾಯಿತು.

ಇನ್ನೊಂದು ಸ್ವಾರಸ್ಯವಿದೆ. ಕಬ್ಬಿಣದಲ್ಲಿ ಎಲ್ಲ ಅಲೆಗಳೂ ಒಂದೇ ವೇಗದಲ್ಲಿ ಕರಗುವುದಿಲ್ಲ. ಮೂರು ಪಟ್ಟು ಒತ್ತಾದ ಅಲೆ ಒಂಬತ್ತು ಪಟ್ಟು ಬೇಗ ಕರಗುತ್ತದೆ, ಐದು ಪಟ್ಟಿನದು ಇಪ್ಪತ್ತೈದು ಪಟ್ಟು ಬೇಗ. ಹಾಗಾಗಿ ಬಿಸಿಯ ಜಿಗಿತ ತಾನಾಗಿಯೇ ನುಣುಪಾಗುತ್ತದೆ. ಡ್ಯಾಕ್‌ನಿಂದ ಕಿವಿಗೆ ಬರುವ ಸದ್ದಿಗೆ ಆ ಭಾಗ್ಯ ಇಲ್ಲ. ಅಲ್ಲಿ ಜಿಗಿತ ‘ಟಪ್’ ಎಂದೇ ಕೇಳುತ್ತದೆ.

ಗುರುಗಳೇ ಒಪ್ಪಲಿಲ್ಲ

1807ರ ಡಿಸೆಂಬರ್ 21ರಂದು ಫೋರಿಯರ್ ತನ್ನ ಪ್ರಬಂಧವನ್ನು ಪ್ಯಾರಿಸ್‌ನ ವಿದ್ವತ್ ಸಂಸ್ಥೆಯ ಮುಂದಿಟ್ಟ. ಪರಿಶೀಲನೆಗೆ ನೇಮಕವಾದವರು ಲಗ್ರಾಂಜ್, ಲಾಪ್ಲಾಸ್, ಮೋಂಜ್ ಮತ್ತು ಲಕ್ರುವಾ. ಒಂದು ಕಾಲದಲ್ಲಿ ಪಾಠ ಹೇಳಿದವರೇ ಈಗ ಪರೀಕ್ಷಕರು.

ಲಗ್ರಾಂಜ್ ಒಪ್ಪಲಿಲ್ಲ. ಅದಕ್ಕೊಂದು ಹಿನ್ನೆಲೆಯಿತ್ತು. ಸುಮಾರು ಅರ್ಧ ಶತಮಾನದ ಹಿಂದೆ ಮೀಟಿದ ತಂತಿಯ ಬಗ್ಗೆ ಗಣಿತಜ್ಞರಲ್ಲಿ ದೊಡ್ಡ ಜಗಳ ನಡೆದಿತ್ತು. ತಂತಿಯ ಯಾವುದೇ ಆಕಾರವೂ ಸರಳ ಅಲೆಗಳ ಮೊತ್ತ ಎಂದು 1753ರಲ್ಲಿ ಡೇನಿಯಲ್ ಬರ್ನೂಲಿ ವಾದಿಸಿದಾಗ ಆಯ್ಲರ್, ಡಾಲಂಬೇರ್ ಇಬ್ಬರೂ ಒಪ್ಪಿರಲಿಲ್ಲ. ಯುವಕನಾಗಿದ್ದಾಗ ಲಗ್ರಾಂಜ್ ಕೂಡ ಆ ಚರ್ಚೆಗೆ ಇಳಿದಿದ್ದ. ಮುಗಿಯಿತು ಎಂದುಕೊಂಡಿದ್ದ ಜಗಳವನ್ನು ಈ ಜಿಲ್ಲಾಧಿಕಾರಿ ಮತ್ತೆ ಕೆದಕಿದ್ದ. ಅದೂ ಮೂಲೆ, ಜಿಗಿತಗಳನ್ನೂ ಸೇರಿಸಿಕೊಂಡು.

ಪ್ರಬಂಧ ಅಚ್ಚಾಗಲಿಲ್ಲ. ಫೋರಿಯರ್ ಆಕ್ಷೇಪಗಳಿಗೆ ಉತ್ತರ ಬರೆದು ಕಳಿಸಿದ. ಆಮೇಲೆ ಇದೇ ವಿಷಯದ ಮೇಲೆ ಸಂಸ್ಥೆ ಸ್ಪರ್ಧೆ ಇಟ್ಟಾಗ 1811ರಲ್ಲಿ ಪ್ರಬಂಧವನ್ನು ಹಿಗ್ಗಿಸಿ ಮತ್ತೆ ಸಲ್ಲಿಸಿದ. ಬಹುಮಾನ ಬಂತು. ಜತೆಗೆ ತರ್ಕ ಇನ್ನೂ ಬಿಗಿಯಾಗಿಲ್ಲ ಎಂಬ ಟಿಪ್ಪಣಿಯೂ ಬಂತು. ಆಗಲೂ ಅಚ್ಚಾಗಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪಾಸು ಮಾಡಿದರು, ಆದರೆ ಮಾರ್ಕ್ಸ್ ಕಾರ್ಡ್ ಕೊಡಲಿಲ್ಲ.

ಲಗ್ರಾಂಜ್ ಅನುಮಾನ ಪೂರ್ತಿ ಪೊಳ್ಳಾಗಿರಲಿಲ್ಲ ಎಂಬುದೂ ನಿಜ. ಎಷ್ಟೇ ಅಲೆ ಸೇರಿಸಿದರೂ, ಅವು ಲೆಕ್ಕಕ್ಕೆ ಸಿಗುವಷ್ಟೇ ಇದ್ದರೆ, ಜಿಗಿತದ ಅಂಚಿನಲ್ಲಿ ಮೊತ್ತವು ಜಿಗಿತದ ಸುಮಾರು ಶೇ 9ರಷ್ಟು ಮೇಲಕ್ಕೆ ಚಿಮ್ಮುತ್ತದೆ. 1899ರಲ್ಲಿ ಅಮೆರಿಕದ ಗಿಬ್ಸ್ ಇದನ್ನು ವಿವರಿಸಿದ. ನಮ್ಮ ಸಿಲಬಸ್‌ನಲ್ಲಿ ಅದು ಆತನ ಹೆಸರಿನಲ್ಲೇ ಇದೆ. ಪ್ರಶ್ನೆ ಕೇಳಿದ ಗುರುವೂ ದಡ್ಡನಲ್ಲ, ಹಿಡಿದದ್ದನ್ನು ಬಿಡದ ಶಿಷ್ಯನೂ ದಡ್ಡನಲ್ಲ.

ನಲವತ್ತೇಳರಲ್ಲಿ ಮತ್ತೆ ನೌಕರಿ ಹುಡುಕಾಟ

1815ರಲ್ಲಿ ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡು ಬಂದ ನೆಪೋಲಿಯನ್ ಗ್ರೆನೋಬ್ಲ್ ದಾರಿಯಲ್ಲೇ ಪ್ಯಾರಿಸ್‌ಗೆ ಹೊರಟ. ಅಷ್ಟರಲ್ಲಿ ರಾಜನ ಸರ್ಕಾರದ ಅಧಿಕಾರಿಯಾಗಿದ್ದ ಫೋರಿಯರ್‌ಗೆ ಆ ಕಡೆಯೂ ಇರಲಾಗದು, ಈ ಕಡೆಯೂ ಇರಲಾಗದು. ಊರು ಬಿಟ್ಟು ಹೋದ. ನೆಪೋಲಿಯನ್ ಬೇರೊಂದು ಪ್ರಾಂತ್ಯದ ಹುದ್ದೆ ಕೊಟ್ಟ, ಅದೂ ಕೆಲವೇ ವಾರಗಳಲ್ಲಿ ಹೋಯಿತು. ವಾಟರ್‌ಲೂ ನಂತರ ರಾಜ ಮರಳಿ ಬಂದಾಗ ಆತನ ಬಳಿ ಕೆಲಸವೂ ಇರಲಿಲ್ಲ, ಪಿಂಚಣಿಯೂ ಇರಲಿಲ್ಲ. ವಯಸ್ಸು ನಲವತ್ತೇಳು.

ಹಿಂದೆ ಆತನ ವಿದ್ಯಾರ್ಥಿಯಾಗಿದ್ದವರೊಬ್ಬರು ಪ್ಯಾರಿಸ್‌ನ ಆಡಳಿತದಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಅವರು ಅಂಕಿ–ಅಂಶ ಕಚೇರಿಯಲ್ಲಿ ಕೆಲಸ ಕೊಡಿಸಿದರು. 1816ರಲ್ಲಿ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರೆ ನೆಪೋಲಿಯನ್ ಕಡೆಯವನು ಎಂದು ರಾಜ ಹದಿನೆಂಟನೇ ಲೂಯಿ ಅನುಮೋದನೆ ಕೊಡಲಿಲ್ಲ. ಮರುವರ್ಷ ಮತ್ತೆ ಆರಿಸಿದರು, ಆಗ ಒಪ್ಪಿಗೆ ಸಿಕ್ಕಿತು.

1822ರಲ್ಲಿ ಎರಡು ಸಂಗತಿ ನಡೆದವು. ಅಕಾಡೆಮಿಗೆ ಆತ ಕಾಯಂ ಕಾರ್ಯದರ್ಶಿಯಾದ. ಬಿಸಿಯ ಸಿದ್ಧಾಂತದ ಕುರಿತ ಆತನ ದೊಡ್ಡ ಪುಸ್ತಕ ಹೊರಬಂತು, ಮೊದಲ ಪ್ರಬಂಧ ಒಪ್ಪಿಸಿ ಹದಿನೈದು ವರ್ಷವಾಗುತ್ತಿದ್ದಾಗ. ಹಿಂದೆ ಕಪಾಟು ಸೇರಿದ್ದ 1811ರ ಪ್ರಬಂಧವನ್ನೂ ಅಕಾಡೆಮಿಯ ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಪ್ಯಾರಿಸ್‌ನಲ್ಲಿ ಓದುವಾಗ ಆತನ ಒಡನಾಟಕ್ಕೆ ಬಂದಿದ್ದ ಡಿರಿಕ್ಲೆ ಎಂಬ ಯುವಕ 1829ರಲ್ಲಿ ಈ ಸರಣಿ ಯಾವಾಗ ಸರಿಯಾಗಿ ಸೇರುತ್ತದೆ ಎಂದು ಬಿಗಿಯಾಗಿ ಸಾಧಿಸಿ ತೋರಿಸಿದ. ಜಿಗಿತ ಇರುವ ಕಡೆ ಮೊತ್ತವು ಎರಡೂ ಬದಿಗಳ ಸರಿ ಮಧ್ಯಕ್ಕೆ ಬಂದು ನಿಲ್ಲುತ್ತದೆ. ಎಂ-3ರಲ್ಲಿ ನಾನು ತಪ್ಪು ಬರೆದ ಎರಡು ಅಂಕದ ಪ್ರಶ್ನೆ ಇದೇ! ಮರುವರ್ಷ, 1830ರ ಮೇ 16ರಂದು, ಫೋರಿಯರ್ ತೀರಿಕೊಂಡ. ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ಹೆಸರುಗಳಲ್ಲಿ ಆತನದೂ ಒಂದು.

ಸದ್ದು ನಿಂತಿತು

ಇಷ್ಟೆಲ್ಲ ಓದಿದ ಮೇಲೆ ನಾನು ಹುಡುಕಬೇಕಾದದ್ದು ‘ಟಪ್’ನ ಕಂಪನವನ್ನಲ್ಲ, ಜಿಗಿತ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಎಂದು ಸ್ಪಷ್ಟವಾಯಿತು. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿದೆ: ಯಾವ ಹಾಡಿನಿಂದ ಯಾವ ಹಾಡಿಗೆ ಹೋದಾಗ ಸದ್ದು ಬಂತು, ಯಾವಾಗ ಬರಲಿಲ್ಲ. ಒಂದು ಸಂಜೆಯಲ್ಲೇ ಗುಟ್ಟು ಸಿಕ್ಕಿತು. ಕೆಲವು ಹಾಡುಗಳು ಸೆಕೆಂಡಿಗೆ 44,100 ಸ್ಯಾಂಪಲ್‌ಗಳವು, ಕೆಲವು 48,000 ಅಥವಾ 96,000ದವು. ದರ ಬದಲಾದಾಗ ಮಾತ್ರ ‘ಟಪ್’. ಆ್ಯಪ್‌ನಲ್ಲಿ ಎಕ್ಸ್‌ಕ್ಲೂಸಿವ್ ಮೋಡ್ ಆನ್ ಇತ್ತು. ಅಂದರೆ ಪ್ರತಿ ಹಾಡೂ ತನ್ನದೇ ದರದಲ್ಲಿ ನೇರ ಡ್ಯಾಕ್‌ಗೆ ಹೋಗುತ್ತಿತ್ತು. ದರ ಬದಲಾದಾಗಲೆಲ್ಲ ಡ್ಯಾಕ್ ಕೆಲಸ ನಿಲ್ಲಿಸಿ ಗಡಿಯಾರ ಹೊಂದಿಸಿಕೊಳ್ಳುತ್ತಿತ್ತು. ಆ ಕ್ಷಣದಲ್ಲಿ ಅಲೆ ಮುರಿಯುತ್ತಿತ್ತು. ಆ ಮೋಡ್ ಆಫ್ ಮಾಡಿ, ಎಲ್ಲವೂ ಒಂದೇ ದರದಲ್ಲಿ ಹೋಗುವಂತೆ ಮಾಡಿದೆ. ಸದ್ದು ನಿಂತಿತು. ಡ್ಯಾಕ್ ಕೆಟ್ಟಿರಲಿಲ್ಲ.

ಒಂದು ಕಡೆ ಮಾತ್ರ ತೊಡಕು ಉಳಿಯಿತು. ಒಂದು ಲೈವ್ ಕಛೇರಿಯ ಎಂಪಿ3 ಕಡತಗಳು ನನ್ನ ಬಳಿ ಇದ್ದವು. ಒಂದೇ ರಾಗವನ್ನು ಎರಡು ಟ್ರ್ಯಾಕ್‌ಗಳಾಗಿ ಕತ್ತರಿಸಿದ್ದರು. ಎಂಪಿ3 ಸದ್ದನ್ನು 1,152 ಸ್ಯಾಂಪಲ್‌ಗಳ ಕಂತುಗಳಾಗಿ ಕಟ್ಟುತ್ತದೆ. ಕೊನೆಯ ಕಂತು ತುಂಬದಿದ್ದರೆ ಉಳಿದ ಜಾಗಕ್ಕೆ ಮೌನ ತುಂಬಿಸುತ್ತದೆ. ತಂಬೂರಿ ಮೊಳಗುತ್ತಿರುವಾಗಲೇ ಮೌನ ಬಂದರೆ ಅದೂ ಒಂದು ಜಿಗಿತ. ಪ್ಲೇಯರ್‌ನಲ್ಲಿ ಗ್ಯಾಪ್‌ಲೆಸ್ ಆಯ್ಕೆ ಆನ್ ಮಾಡಿದರೆ ಅದು ಈ ಹೆಚ್ಚುವರಿ ಮೌನವನ್ನು ಕತ್ತರಿಸಿ ಹಾಕುತ್ತದೆ. ಅದೂ ಸಾಲದಿದ್ದರೆ ಜೋಡಣೆಯ ಜಾಗದಲ್ಲಿ ಕೆಲವೇ ಮಿಲಿಸೆಕೆಂಡಿನ ಫೇಡ್ ಕೊಟ್ಟರೆ ಸಾಕು. ಕಬ್ಬಿಣದಲ್ಲಿ ಬಿಸಿ ತಾನಾಗಿ ಮಾಡುವ ನುಣುಪು ಕೆಲಸವನ್ನು ನಾವು ಕೈಯಿಂದ ಮಾಡಿದಂತೆ. ಇನ್ನೊಂದು ತಮಾಷೆಯೆಂದರೆ ಎಂಪಿ3 ಸದ್ದನ್ನು ಕುಗ್ಗಿಸುವುದೂ ಫೋರಿಯರ್ ದಾರಿಯಿಂದಲೇ ಬಂದ ಒಂದು ಲೆಕ್ಕದಿಂದ.

ಎಂ-3 ಮರುಪರೀಕ್ಷೆ ಮೊನ್ನೆ ಬರೆದು ಬಂದೆ. ಚೌಕದ ಅಲೆಯ ಸರಣಿ ಬರೆಯುವ ಪ್ರಶ್ನೆ ಇತ್ತು. ಒಂದು, ಮೂರು, ಐದು ಎಂದು ಬರೆಯುವಾಗ ಕಬ್ಬಿಣದ ಬಳೆ ಕಣ್ಣ ಮುಂದೆ ಬಂತು. ಫಲಿತಾಂಶ ಇನ್ನೂ ಬಂದಿಲ್ಲ. ಪರೀಕ್ಷೆಗೆ ಹಿಂದಿನ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಬ್ಯಾಕ್‌ಲಾಗ್ ಇರುವುದನ್ನು ಹೇಳಿದೆ. ಅವರು ಬೈಯಲಿಲ್ಲ. ಊಟ ಆಯಿತಾ ಎಂದು ಕೇಳಿದರು.